ಮುಂಭಾರದ ಲೆಕ್ಕ: ಮಣ್ಣಿನ ರನ್‌ವೇಗೆ ಬಾಂಬರ್ ವಿಮಾನವನ್ನು ಹೊಂದಿಸಿದ ಬಗೆ

ಎಲ್ಲರಿಗೂ ನಮಸ್ಕಾರ.

ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಮುಂಭಾರ, ಹಿಂಭಾರ ಎಂದರೇನೆಂದು ವಿವರಿಸಬೇಕಿಲ್ಲ. ಮೂಟೆ ಅಚ್ಚಿಗಿಂತ ಮುಂದೆ ಕೂತರೆ ನೊಗ ಎತ್ತಿನ ಹೆಗಲನ್ನು ಅದುಮುತ್ತದೆ. ಹಿಂದೆ ಕೂತರೆ ಮೂಕಿ ಮೇಲೇಳುತ್ತದೆ. ಟಾರು ರಸ್ತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಗಾಡಿ ಸಾಗಿಬಿಡುತ್ತದೆ. ಕೆಸರುಗದ್ದೆಯ ದಾರಿಯಲ್ಲಿ ಅದೇ ತಪ್ಪು ಎತ್ತನ್ನು ಮಂಡಿಯೂರಿಸುತ್ತದೆ. ಇವತ್ತಿನ ವಿಷಯಕ್ಕೆ ಇದೇ ಅಡಿಪಾಯ. ಎರಡನೇ ಮಹಾಯುದ್ಧದಲ್ಲಿ ನ್ಯೂಗಿನಿ ದ್ವೀಪದ ಮಣ್ಣಿನ ಮೈದಾನಗಳಿಂದ ಹಾರಿದ ಅಮೆರಿಕದ ಬಿ-25 ಮಿಚೆಲ್ ಬಾಂಬರ್‌ಗಳಿಗೆ ಯುದ್ಧರಂಗದ ಹಿಂಬದಿಯ ಕಾರ್ಯಾಗಾರಗಳಲ್ಲೇ ದೊಡ್ಡ ದೊಡ್ಡ ಬದಲಾವಣೆಗಳಾದವು. ಆ ಕಥೆ ಹೇಳುವವರು ಸಾಮಾನ್ಯವಾಗಿ ಮೂಗಿಗೆ ಜೋಡಿಸಿದ ಮೆಷಿನ್ ಗನ್‌ಗಳನ್ನೇ ವರ್ಣಿಸಿ ನಿಲ್ಲಿಸುತ್ತಾರೆ. ಆ ಗನ್‌ಗಳ ಭಾರವನ್ನು ನೆಲದ ಮೇಲೆ ಹೊತ್ತದ್ದು ಒಂದು ಸಣ್ಣ ಗಾಲಿ. ನನ್ನ ಮಾತೆಲ್ಲ ಆ ಗಾಲಿಯ ಸುತ್ತ.

ಮೊದಲು ನೆಲವನ್ನು ನೋಡೋಣ. ಪೋರ್ಟ್ ಮೋರ್ಸ್‌ಬಿ ಪಟ್ಟಣದ ಸುತ್ತ ಒಂದಾದ ಮೇಲೊಂದು ವಿಮಾನ ಮೈದಾನಗಳು ಎದ್ದವು. ಪಟ್ಟಣದಿಂದ ಎಷ್ಟು ಮೈಲಿ ದೂರವೋ ಅದೇ ಮೈದಾನದ ಹೆಸರು: ಮೂರು ಮೈಲಿ, ಐದು ಮೈಲಿ, ಏಳು ಮೈಲಿ, ಹದಿನೇಳು ಮೈಲಿ. ಸತ್ತ ಸೈನಿಕರ ಹೆಸರುಗಳು ಅವಕ್ಕೆ ಆಮೇಲೆ ಬಂದವು. ಓವೆನ್ ಸ್ಟಾನ್ಲಿ ಬೆಟ್ಟಸಾಲಿನ ಆಚೆ, ಉತ್ತರ ಕರಾವಳಿಯ ದೊಬೊದುರದಲ್ಲಿ, ಆಳೆತ್ತರದ ಕುನಾಯ್ ಹುಲ್ಲು ಬೆಳೆದ ಬಯಲನ್ನೇ ಸವರಿ ಮೈದಾನ ಮಾಡಿದರು. ಹುಲ್ಲು ಸವರಿದರೆ ನೆಲ ಕಾಣುತ್ತದೆ, ಆದರೆ ಗಟ್ಟಿಯಾಗುವುದಿಲ್ಲ. ಬೇರುಗಳು ಮಣ್ಣನ್ನು ಹಿಡಿದಿಟ್ಟಿರುವಷ್ಟು ದಿನ ಅದು ಮೈದಾನ. ಗಾಲಿಗಳು ಬೇರನ್ನು ಅರೆದ ಮೇಲೆ ಬಿಸಿಲಿಗೆ ಧೂಳು, ಮಳೆಗೆ ಕೆಸರು.

ಇದಕ್ಕೆ ಸಿಕ್ಕ ಉತ್ತರ ತೂತು ಕೊರೆದ ಉಕ್ಕಿನ ಹಲಗೆ. 1941ರ ಕೊನೆಗೆ ಉತ್ತರ ಕೆರೊಲಿನಾದ ಮಾರ್ಸ್‌ಟನ್ ಎಂಬ ಊರಿನ ಬಳಿ ಸೇನಾ ಕವಾಯತಿನಲ್ಲಿ ಇದನ್ನು ಪರೀಕ್ಷಿಸಿದ್ದರಿಂದ ಮಾರ್ಸ್‌ಟನ್ ಮ್ಯಾಟ್ ಎಂಬ ಹೆಸರು ಬಂತು. ಒಂದು ಹಲಗೆ 10 ಅಡಿ ಉದ್ದ, 15 ಇಂಚು ಅಗಲ, 66 ಪೌಂಡ್ ತೂಕ, ಎಂದರೆ 30 ಕಿಲೋ. ಇಬ್ಬರು ಆರಾಮವಾಗಿ ಹೊರಬಹುದು. ಸಾಲಿಗೆ 29ರಂತೆ ಮೂರು ಸಾಲು, ಒಟ್ಟು 87 ತೂತು. ಈ ತೂತುಗಳಿಗೆ ಮೂರು ಕೆಲಸ: ತೂಕ ಇಳಿಸುವುದು, ನೀರು ಬಸಿಯಲು ಬಿಡುವುದು, ಮೂರನೆಯದಾಗಿ, ತೂತಿನ ಅಂಚನ್ನು ಕೆಳಕ್ಕೆ ಮಡಿಚಿರುವುದರಿಂದ ತೆಳು ತಗಡಿಗೆ ಬಿಗಿ ಕೊಡುವುದು. ಒಂದು ಉದ್ದದಂಚಿನಲ್ಲಿ ಕೊಕ್ಕೆಗಳು, ಇನ್ನೊಂದರಲ್ಲಿ ಸೀಳುಗಳು. ಕೊಕ್ಕೆಯನ್ನು ಸೀಳಿಗೆ ಇಳಿಸಿ ಪಕ್ಕಕ್ಕೆ ಜಾರಿಸಿದರೆ ಕೂಡಿಕೊಳ್ಳುತ್ತದೆ. ಮತ್ತೆ ಜಾರಿ ಬಿಡದಂತೆ ಸ್ಪ್ರಿಂಗ್ ಕ್ಲಿಪ್ ಹಾಕುತ್ತಾರೆ. ಹಲಗೆಯ ಉದ್ದ ರನ್‌ವೇಗೆ ಅಡ್ಡವಾಗಿರಬೇಕು. ಇಟ್ಟಿಗೆ ಗೋಡೆಯಲ್ಲಿ ಮಾಡುವಂತೆ ಒಂದು ಸಾಲಿನ ಸಂದು ಮುಂದಿನ ಸಾಲಿನ ಸಂದಿಗೆ ಎದುರಾಗಬಾರದು.

ಲೆಕ್ಕ ಹಾಕಿ ನೋಡಿ. ಒಂದು ಹಲಗೆ ಮುಚ್ಚುವುದು 12.5 ಚದರ ಅಡಿ. 5,000 ಅಡಿ ಉದ್ದ, 150 ಅಡಿ ಅಗಲದ ರನ್‌ವೇಗೆ 60,000 ಹಲಗೆ ಬೇಕು. ತೂಕ 1,800 ಟನ್. ವಿಮಾನ ನಿಲ್ಲಿಸುವ ಜಾಗ, ಅಲ್ಲಿಗೆ ಹೋಗುವ ದಾರಿ ಇದರಲ್ಲಿ ಸೇರಿಲ್ಲ. ಇಷ್ಟನ್ನೂ ಹಡಗಿನಲ್ಲಿ ತಂದು, ದಕ್ಕೆಯೇ ಇಲ್ಲದ ತೀರದಲ್ಲಿ ಇಳಿಸಬೇಕಿತ್ತು. ಆದ್ದರಿಂದ ಹಲಗೆ ಮೊದಲು ಹೋಗುತ್ತಿದ್ದುದು ರನ್‌ವೇಗೆ. ವಿಮಾನ ನಿಲ್ಲುವ ಜಾಗ, ಓಡಾಡುವ ದಾರಿ ಬಹಳ ಕಾಲ ಬರಿ ಮಣ್ಣಾಗಿಯೇ ಉಳಿದವು. ಗಾಲಿ, ಪ್ರೊಪೆಲ್ಲರ್‌ಗಳಿಗೆ ಹೆಚ್ಚಿನ ಪೆಟ್ಟು ಬಿದ್ದದ್ದು ಹಾರುವಾಗಲ್ಲ. ನಿಂತ ಜಾಗದಿಂದ ರನ್‌ವೇ ತುದಿಯವರೆಗೆ ತೆವಳುವಾಗ.

ಹಲಗೆ ಹಾಸಿದ ಮಾತ್ರಕ್ಕೆ ತೊಂದರೆ ಮುಗಿಯುವುದೂ ಇಲ್ಲ. ಕೆಳಗಿನ ಮಣ್ಣು ನೆನೆದಿದ್ದರೆ ಗಾಲಿ ಉರುಳಿದಾಗಲೆಲ್ಲ ತೂತುಗಳಿಂದ ಕೆಸರು ಪಿಚಕ್ಕನೆ ಮೇಲೆ ಬರುತ್ತದೆ. ಮೇಲೆ ಬಂದ ಕೆಸರು ಉಕ್ಕಿನ ಮೇಲೆ ಎಣ್ಣೆಯಂತೆ ಹರಡಿ ಬ್ರೇಕ್ ಹಿಡಿಯದಂತೆ ಮಾಡುತ್ತದೆ. ಕೆಳಗೆ ಆಗುವ ಹಾನಿ ಇನ್ನೂ ದೊಡ್ಡದು: ಅಷ್ಟು ಮಣ್ಣು ಹೋದ ಜಾಗ ಟೊಳ್ಳಾಗುತ್ತದೆ, ಹಲಗೆ ಅಲ್ಲಿ ಬಾಗುತ್ತದೆ, ಬಾಗಿ ಬಾಗಿ ತುದಿ ಮೇಲಕ್ಕೆ ಸುರುಳಿ ಏಳುತ್ತದೆ. ಎದ್ದ ತುದಿ ಟೈರಿನ ಪಾಲಿಗೆ ಚಾಕು. ಒಂದಕ್ಕೊಂದು ಕೊಕ್ಕೆ ಕೂಡಿಕೊಂಡಿರುವ ಜಾಲದ ನಡುವಿನಿಂದ ಒಂದೇ ಹಲಗೆ ಕಿತ್ತು ಬದಲಿಸುವುದು ಸುಲಭವೂ ಅಲ್ಲ. ಹೀಗಾಗಿ ಹಲಗೆಗಿಂತ ಮೊದಲು ಬರಬೇಕಾದದ್ದು ಚರಂಡಿ. ಹವಳದ ದ್ವೀಪಗಳಲ್ಲಿ ಒಡೆದ ಹವಳವನ್ನೇ ಹಾಸಿ, ಸಮುದ್ರದ ನೀರು ಚಿಮುಕಿಸಿ ರೋಲರ್ ಹೊಡೆದರೆ ಅದು ಗಾರೆಯಂತೆ ಕಚ್ಚಿಕೊಳ್ಳುತ್ತಿತ್ತು. ನ್ಯೂಗಿನಿಯ ಒಳನಾಡಿಗೆ ಆ ಭಾಗ್ಯ ಇರಲಿಲ್ಲ.

ಈಗ ವಿಮಾನಕ್ಕೆ ಬರೋಣ. ಬಿ-25ರ ಸಿ ಮತ್ತು ಡಿ ಮಾದರಿಗಳಿಗೆ ಎರಡು ರೈಟ್ ಆರ್-2600 ಎಂಜಿನ್. ಒಂದೊಂದರಲ್ಲಿ 14 ಸಿಲಿಂಡರ್, 1,700 ಅಶ್ವಶಕ್ತಿ. ರೆಕ್ಕೆಯ ತುದಿಯಿಂದ ತುದಿಗೆ 67 ಅಡಿ 7 ಇಂಚು. ಗಾಲಿಗಳು ಮೂರು: ರೆಕ್ಕೆಯ ಕೆಳಗೆ ಎರಡು ಮುಖ್ಯ ಗಾಲಿ, ಮುಂದೆ ಒಂದು ಮೂಗುಗಾಲಿ. ಆ ಕಾಲದ ಬಹುಪಾಲು ವಿಮಾನಗಳಿಗೆ ಮೂರನೆಯ ಗಾಲಿ ಬಾಲದಲ್ಲಿರುತ್ತಿತ್ತು. ಮೂಗುಗಾಲಿಯ ಲಾಭಗಳು ನಿಜವಾದವು. ಪೈಲಟ್‌ಗೆ ಮುಂದಿನ ದಾರಿ ಕಾಣುತ್ತದೆ, ನೆಲಕ್ಕಿಳಿದ ವಿಮಾನ ತಾನಾಗಿ ನೇರ ಓಡುತ್ತದೆ, ಜೋರಾಗಿ ಬ್ರೇಕ್ ಒತ್ತಿದರೂ ಮೂಗಿನ ಮೇಲೆ ಮಗುಚಿಕೊಳ್ಳುವುದಿಲ್ಲ. ಅಡ್ಡ ಪರಿಣಾಮವೂ ಅಷ್ಟೇ ನಿಜ. ಬಾಲಗಾಲಿ ಗುಂಡಿಗೆ ಬಿದ್ದರೆ ವಿಮಾನದ ಹಿಂಭಾಗ ಕುಲುಕುತ್ತದೆ, ಅಷ್ಟೆ. ಮೂಗುಗಾಲಿ ಗುಂಡಿಗೆ ಬಿದ್ದರೆ ಇಡೀ ವಿಮಾನದ ವೇಗ ಆ ಗಾಲಿಯ ಕಾಲನ್ನು ಹಿಂದಕ್ಕೆ ಮುರಿಯಲು ನೋಡುತ್ತದೆ. ಜೊತೆಗೆ, ಅದು ಚಿಮ್ಮಿಸುವ ಕಲ್ಲು ಹೋಗುವುದು ಹಿಂದೆ ತಿರುಗುತ್ತಿರುವ ಎರಡು ಪ್ರೊಪೆಲ್ಲರ್‌ಗಳ ಕಡೆಗೇ.

ಇಂಥ ವಿಮಾನದ ಮೂಗಿಗೆ ಗನ್‌ಗಳು ಬಂದದ್ದು ಹೇಗೆ? 1942ರಲ್ಲಿ ಎತ್ತರದಿಂದ ಜಪಾನಿನ ಹಡಗುಗಳ ಮೇಲೆ ಹಾಕಿದ ಬಾಂಬುಗಳು ಬಹುಪಾಲು ನೀರಿಗೆ ಬೀಳುತ್ತಿದ್ದವು. ಆ ವರ್ಷದ ಆಗಸ್ಟ್‌ನಲ್ಲಿ ಅಲ್ಲಿನ ವಾಯುಪಡೆಯ ಹೊಣೆ ಹೊತ್ತ ಜನರಲ್ ಜಾರ್ಜ್ ಕೆನಿ ಮರದ ತುದಿಯೆತ್ತರದ ದಾಳಿಯನ್ನು ಬೆಂಬಲಿಸಿದರು. ಅಷ್ಟು ಕೆಳಗೆ ಹಾರಬೇಕಾದರೆ ಎದುರಿನ ವಿಮಾನನಿರೋಧಕ ತೋಪುಗಳ ಬಾಯಿ ಮುಚ್ಚಿಸಬೇಕು. ಅದಕ್ಕೆ ಮುಂದಕ್ಕೆ ಗುಂಡಿನ ಮಳೆ ಸುರಿಯಬೇಕು. ಪಾಲ್ ಗನ್ ಎಂಬ ಅಧಿಕಾರಿ ಈ ಕೆಲಸಕ್ಕೆ ತಕ್ಕ ಮನುಷ್ಯ. ನೌಕಾಪಡೆಯಲ್ಲಿ ಪೈಲಟ್ ಆಗಿದ್ದು ನಿವೃತ್ತರಾಗಿ, ಯುದ್ಧ ಶುರುವಾದಾಗ ಮನಿಲಾದ ವಿಮಾನ ಸಂಸ್ಥೆಯಲ್ಲಿದ್ದರು. ಅವರ ಹೆಂಡತಿ ಮಕ್ಕಳು ಅಲ್ಲೇ ಜಪಾನೀಯರ ಸೆರೆಯಲ್ಲಿದ್ದರು. ವಿಮಾನ ತಯಾರಿಸಿದ ನಾರ್ತ್ ಅಮೆರಿಕನ್ ಕಂಪನಿಯ ಪ್ರತಿನಿಧಿ ಜ್ಯಾಕ್ ಫಾಕ್ಸ್ ಜೊತೆಗೂಡಿದರು. ಮೊದಲು ಎ-20 ಎಂಬ ಚಿಕ್ಕ ಬಾಂಬರ್‌ನ ಮೂಗಿಗೆ ನಾಲ್ಕು ಅರ್ಧ ಇಂಚಿನ ಮೆಷಿನ್ ಗನ್ ಕೂರಿಸಿದರು. ಆಮೇಲೆ ಸರದಿ ಬಿ-25ರದು.

ಕೆಲಸದ ಕ್ರಮ ಹೀಗಿತ್ತು. ಮೂಗಿನ ಗಾಜಿನ ಕೋಣೆಯಲ್ಲಿ ಕೂರುತ್ತಿದ್ದ ಬಾಂಬ್ ಗುರಿಕಾರನನ್ನೂ ಅವನ ಸಲಕರಣೆಗಳನ್ನೂ ತೆಗೆದರು. ಆ ಜಾಗದಲ್ಲಿ ಚೌಕಟ್ಟು ಕಟ್ಟಿ ನಾಲ್ಕು ಗನ್ ಇಟ್ಟರು. ಗನ್‌ಗೆ 500ರಂತೆ ಗುಂಡಿನ ಪಟ್ಟಿಗಳ ಪೆಟ್ಟಿಗೆಗಳನ್ನು ಜೋಡಿಸಿದರು. ಗಾಜಿನ ಬದಲು ತಗಡು ಬಂತು. ಮೂಗಿನ ಎರಡು ಕೆನ್ನೆಗಳಿಗೆ, ಹೊರಗಿನಿಂದ, ಎರಡೆರಡು ಗನ್‌ಗಳ ಗೂಡುಗಳನ್ನು ಬೋಲ್ಟ್ ಮಾಡಿದರು. ವಿಮಾನದ ಬೆನ್ನ ಮೇಲಿನ ಟರೆಟ್, ಎಂದರೆ ಸುತ್ತ ತಿರುಗುವ ಗನ್ ಗೂಡಿನ ಎರಡನ್ನೂ ಮುಂದಕ್ಕೆ ತಿರುಗಿಸಿದರೆ ಒಟ್ಟು ಹತ್ತು. ಕೆನ್ನೆಯ ಗನ್‌ಗಳು ಒಂದು ಹೊಸ ರೋಗ ತಂದವು: ನಳಿಕೆಯ ಬಾಯಿಂದ ಹೊರಡುವ ಗಾಳಿಯ ಹೊಡೆತಕ್ಕೆ ಪಕ್ಕದ ತಗಡಿನ ರಿವೆಟ್‌ಗಳು ಸಡಿಲಾಗಿ ಹಾರಿದವು, ತಗಡು ಬಿರಿಯಿತು. ಅಲ್ಲಿ ದಪ್ಪ ತಗಡಿನ ಇನ್ನೊಂದು ಪದರ ಹಾಕಿ, ನಡುವೆ ಮೆತ್ತೆಯಂಥ ಪದರ ಇಟ್ಟು, ಹೊಡೆತವನ್ನು ದೊಡ್ಡ ಜಾಗಕ್ಕೆ ಹಂಚಿದ ಮೇಲೆ ನಿಂತಿತು.

ವಿಮಾನದ ಹೊಟ್ಟೆಯ ಕೆಳಗೆ ಇಳಿಬಿಡುವ ಇನ್ನೊಂದು ಟರೆಟ್ ಇತ್ತು. ಅದರ ಗುರಿಕಾರ ಒಳಗೆ ಮಂಡಿಯೂರಿ, ಪೆರಿಸ್ಕೋಪ್‌ನಲ್ಲಿ ಕಣ್ಣಿಟ್ಟು ಗುಂಡು ಹಾರಿಸಬೇಕು. ಎಲ್ಲಿ ಗುರಿಯಿದೆ ಎಂದು ಹುಡುಕುವುದೇ ಕಷ್ಟ, ಹುಡುಕುವಷ್ಟರಲ್ಲಿ ತಲೆ ಸುತ್ತುತ್ತಿತ್ತು. ಮಣ್ಣಿನ ಮೈದಾನದಿಂದ ಏರಿದರಂತೂ ಪೆರಿಸ್ಕೋಪಿನ ಗಾಜಿಗೆ ಕೆಸರು, ಧೂಳು ಮೆತ್ತಿ ಏನೂ ಕಾಣುತ್ತಿರಲಿಲ್ಲ. ಮರದೆತ್ತರದಲ್ಲಿ ಹಾರುವ ವಿಮಾನಕ್ಕೆ ಹೊಟ್ಟೆಯಡಿಯ ಗನ್ ಬೇಕೂ ಇಲ್ಲ. ಅದನ್ನು ಕಿತ್ತು ಹಾಕಿದರು. ತೂತು ಉಳಿದದ್ದು ಇಂಧನದ ಹೆಚ್ಚುವರಿ ಟ್ಯಾಂಕಿಗೆ ಅನುಕೂಲವಾಯಿತು.

ಇಲ್ಲಿ ನಿಲ್ಲಿ. ಗಾಡಿಯ ಲೆಕ್ಕಕ್ಕೆ ವಾಪಸ್ ಬರೋಣ, ಏಕೆಂದರೆ ಮೂಲ ತೊಡಕು ಇಲ್ಲಿದೆ. ಈ ಮಾದರಿಯ ಎರಡೂ ಟರೆಟ್‌ಗಳು ಬಾಂಬ್ ಕೋಣೆಯ ಹಿಂದೆ ಇದ್ದವು. ಹೊಟ್ಟೆಯ ಟರೆಟ್ ತೆಗೆದರೆ ಹಿಂದಿನ ಭಾರ ಹೋಯಿತು. ಮೂಗಿಗೆ ಗನ್ ಹಾಕಿದರೆ ಮುಂದಿನ ಭಾರ ಬಂತು. ಬೇರೆ ಬೇರೆ ಕಾರಣಕ್ಕೆ ಮಾಡಿದ ಎರಡು ಬದಲಾವಣೆಗಳು ವಿಮಾನವನ್ನು ಒಂದೇ ದಿಕ್ಕಿಗೆ ನೂಕಿದವು. ಅರ್ಧ ಇಂಚಿನ ಗನ್ ಒಂದಕ್ಕೆ ಸುಮಾರು 29 ಕಿಲೋ, ನಾಲ್ಕಕ್ಕೆ 116. ಕೊಂಡಿ ಸಹಿತ ಗುಂಡು ಒಂದಕ್ಕೆ ಸುಮಾರು 140 ಗ್ರಾಂ. 2,000 ಗುಂಡಿಗೆ 280 ಕಿಲೋ. ಕೆನ್ನೆಯ ಗನ್‌ಗಳನ್ನು ಬಿಟ್ಟೇ 400 ಕಿಲೋ ಹತ್ತಿರ.

ಆ 400 ಕಿಲೋ ಕೂತಿರುವುದು ಮೂಗುಗಾಲಿಗಿಂತಲೂ ಮುಂದೆ. ಇದು ಮುಖ್ಯ. ತಿಳಿಯಲೆಂದು ಒಂದು ಅಳತೆ ಊಹಿಸಿಕೊಳ್ಳಿ: ಮುಖ್ಯ ಗಾಲಿಯಿಂದ ಮೂಗುಗಾಲಿಗೆ 4 ಮೀಟರ್, ಅಲ್ಲಿಂದ ಗನ್‌ಗಳಿಗೆ ಇನ್ನೊಂದು ಮೀಟರ್. ಸನ್ನೆಗೋಲಿನ ಲೆಕ್ಕದಂತೆ 400ನ್ನು 5ರಿಂದ ಗುಣಿಸಿ 4ರಿಂದ ಭಾಗಿಸಿದರೆ 500. ನೀವು ಹೇರಿದ್ದು 400 ಕಿಲೋ, ಮೂಗುಗಾಲಿಯ ಮೇಲೆ ಬಿದ್ದದ್ದು 500 ಕಿಲೋ. ಹೆಚ್ಚಿನ 100 ಕಿಲೋ ಬಂದದ್ದು ಮುಖ್ಯ ಗಾಲಿಗಳ ಹೆಗಲಿನಿಂದ. ಅವು ಅಷ್ಟು ಹಗುರಾದವು. ಬ್ರೇಕ್ ಇರುವುದು ಮುಖ್ಯ ಗಾಲಿಗಳಿಗೆ. ಹಗುರಾದ ಗಾಲಿ ಕೆಸರಿನಲ್ಲಿ ಬೇಗ ಜಾರುತ್ತದೆ. ಬ್ರೇಕ್ ಹಿಡಿದಾಗ ಭಾರ ಇನ್ನಷ್ಟು ಮುಂದಕ್ಕೆ ವಾಲುತ್ತದೆ. ಏರುವಾಗ ಮೂಗನ್ನು ಎತ್ತಲು ಬಾಲದಲ್ಲಿ ಮೇಲೆ ಕೆಳಗೆ ತಿರುಗುವ ಹಲಗೆಯಾದ ಎಲಿವೇಟರ್‌ಗೆ ಹೆಚ್ಚಿನ ವೇಗ ಬೇಕಾಗುತ್ತದೆ. ಅಷ್ಟು ಹೊತ್ತು ಮೂಗುಗಾಲಿ ಗುಂಡಿಗಳ ಮೇಲೆ ಓಡುತ್ತಲೇ ಇರುತ್ತದೆ. ಮುಂಭಾರದ ಗಾಡಿಯ ಎತ್ತಿಗೆ ಆಗುವುದೆಲ್ಲ ಈ ಗಾಲಿಗೂ ಆಗುತ್ತದೆ.

ಬಾಲದಲ್ಲಿ ಸೀಸ ಇಟ್ಟರೆ ಸರಿಹೋಗುತ್ತದೆಯೇ? ಹೋಗುತ್ತದೆ, ಆದರೆ ದಂಡ ಕಟ್ಟಬೇಕು. ಅದೇ ಊಹೆಯ ಅಳತೆಯಲ್ಲಿ ಮುಖ್ಯ ಗಾಲಿಯಿಂದ 8 ಮೀಟರ್ ಹಿಂದೆ 250 ಕಿಲೋ ಸೀಸ ಬೇಕು. ಯಾವ ಕೆಲಸವನ್ನೂ ಮಾಡದ 250 ಕಿಲೋ ಎಂದರೆ ಸುಮಾರು 350 ಲೀಟರ್ ಪೆಟ್ರೋಲ್ ಬಿಟ್ಟು ಹೋದಂತೆ. ಆದ್ದರಿಂದ ಜಾಣತನ ಇರುವುದು ಸೀಸದಲ್ಲಲ್ಲ, ವಿಮಾನದಲ್ಲಿ ಹೇಗೂ ಇರಬೇಕಾದ ಸಾಮಾನನ್ನು ಹಿಂದಕ್ಕೆ ಸರಿಸುವುದರಲ್ಲಿ. ಕೆನ್ನೆಯ ಗನ್‌ಗಳ ಗೂಡನ್ನು ಒಂದೊಂದು ಚೌಕಟ್ಟು ಹಿಂದೆ ತಂದರೂ ಲಾಭವೇ. ಬಾಲದ ತುದಿಗೆ ಒಂದು ಗನ್ ಕೂರಿಸಿದರೆ ಭಾರ ಹೊಂದುತ್ತದೆ, ಹಿಂಬದಿಯ ರಕ್ಷಣೆಯೂ ಆಗುತ್ತದೆ. ಸೀಸಕ್ಕಿಂತ ಅದೇ ಒಳ್ಳೆಯ ಭಾರ. ಇಲ್ಲಿ ಅತಿ ಮಾಡಿದರೂ ಅಪಾಯ. ಗುಂಡೆಲ್ಲ ಖರ್ಚಾದ ಮೇಲೆ ಮೂಗು ಹಗುರಾಗುತ್ತದೆ, ಬಾಲದ ಭಾರ ಹಾಗೇ ಉಳಿಯುತ್ತದೆ. ಗುಂಡು ತುಂಬಿದ ವಿಮಾನಕ್ಕೂ ಗುಂಡು ಮುಗಿದ ವಿಮಾನಕ್ಕೂ ಎರಡು ಬೇರೆ ಲೆಕ್ಕ ಮಾಡಿ, ಎರಡೂ ಮಿತಿಯೊಳಗಿವೆಯೇ ಎಂದು ನೋಡಬೇಕು. ಹಿಂಭಾರದ ವಿಮಾನ ಆಕಾಶದಲ್ಲಿ ಪೈಲಟ್‌ನ ಮಾತು ಕೇಳುವುದಿಲ್ಲ. ಅದು ಮುಂಭಾರಕ್ಕಿಂತ ಕೆಟ್ಟದ್ದು.

ಈ ಕೆಲಸ ಫಲ ಕೊಟ್ಟಿತು ಎಂಬುದಕ್ಕೆ 1943ರ ಮಾರ್ಚ್ ಮೊದಲ ವಾರದ ಬಿಸ್ಮಾರ್ಕ್ ಸಮುದ್ರದ ಕದನ ಸಾಕ್ಷಿ. ಸೈನಿಕರನ್ನು ಹೊತ್ತು ಹೊರಟಿದ್ದ ಜಪಾನಿನ ಎಂಟು ಸಾಗಣೆ ಹಡಗುಗಳೂ ಜೊತೆಗಿದ್ದ ಎಂಟು ಡಿಸ್ಟ್ರಾಯರ್ ಎಂಬ ಬೆಂಗಾವಲು ಯುದ್ಧನೌಕೆಗಳಲ್ಲಿ ನಾಲ್ಕೂ ಮುಳುಗಿದವು. ಮೂಗಿಗೆ ಗನ್ ಹೊತ್ತ ಮಿಚೆಲ್‌ಗಳು ಆ ದಾಳಿಯ ಮುಂಚೂಣಿಯಲ್ಲಿದ್ದವು. ಸಾವಿರಾರು ಸೈನಿಕರು ಸತ್ತ ಆ ಕದನವನ್ನು ಇದಕ್ಕಿಂತ ಹೆಚ್ಚು ಇಲ್ಲಿ ಬೆಳೆಸುವುದಿಲ್ಲ.

ಭಾರ ಹೊಂದಿಸಿದ ಮೇಲೂ ಗಾಲಿಯನ್ನು ದಿನವೂ ಕಾಪಾಡಬೇಕು. ಗಾಲಿಯ ಕಾಲು ಎಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ. ಒಳಗೆ ಎಣ್ಣೆ ಮತ್ತು ಒತ್ತಡದ ಗಾಳಿ. ಇದಕ್ಕೆ ಓಲಿಯೊ ಎನ್ನುತ್ತಾರೆ. ಹೊರಗೆ ಕಾಣುವ ಹೊಳೆಯುವ ಭಾಗಕ್ಕೆ ಕೆಸರು ಮೆತ್ತಿ ಒಣಗಿದರೆ, ಮುಂದಿನ ಸಲ ಕಾಲು ಕುಗ್ಗುವಾಗ ಆ ಮರಳು ಸೀಲಿನ ಒಳಗೆ ಎಳೆದುಕೊಂಡು ಹೋಗುತ್ತದೆ. ಸೀಲು ಸೀಳುತ್ತದೆ, ಎಣ್ಣೆ ಸೋರುತ್ತದೆ. ಎಣ್ಣೆ ಕಡಿಮೆಯಾದ ಕಾಲು ಗುಂಡಿಯಲ್ಲಿ ಕೊನೆಯವರೆಗೆ ಕುಗ್ಗಿ ಲೋಹಕ್ಕೆ ಲೋಹ ಬಡಿಯುತ್ತದೆ. ಆ ಪೆಟ್ಟಿಗೆ ಒಡೆಯುವುದು ಕಾಲಲ್ಲ, ಅದನ್ನು ಹಿಡಿದಿರುವ ವಿಮಾನದ ಮೈ. ತಡೆಯುವ ದಾರಿ ಸರಳ: ಪ್ರತಿ ಹಾರಾಟದ ನಂತರ ಹೈಡ್ರಾಲಿಕ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಆ ಭಾಗವನ್ನು ಒರೆಸಬೇಕು. ಒಣ ಬಟ್ಟೆಯಿಂದ ಒರೆಸಿದರೆ ಮರಳನ್ನೇ ಉಜ್ಜಿದಂತಾಗುತ್ತದೆ. ಆಮೇಲೆ ಹೊಳೆಯುವ ಭಾಗ ಎಷ್ಟು ಇಂಚು ಕಾಣುತ್ತಿದೆ ಎಂದು ಅಳೆಯಬೇಕು. ಕಡಿಮೆ ಕಂಡರೆ ಬರಿ ಗಾಳಿ ತುಂಬಿ ಎತ್ತರಿಸುವ ಆಸೆಯಾಗುತ್ತದೆ. ಎಣ್ಣೆ ಸೋರಿದ ಕಾಲಿಗೆ ಗಾಳಿ ತುಂಬಿದರೆ ನೋಡಲು ಸರಿಯಾಗಿರುತ್ತದೆ, ಪೆಟ್ಟು ನುಂಗುವ ಗುಣವೇ ಇರುವುದಿಲ್ಲ. ಮೊದಲು ಎಣ್ಣೆ, ಆಮೇಲೆ ಗಾಳಿ.

ಮೂಗುಗಾಲಿಗೆ ಇನ್ನೊಂದು ಕಾಯಿಲೆಯಿದೆ. ತಳ್ಳುಗಾಡಿಯ ಮುಂದಿನ ಪುಟ್ಟ ಗಾಲಿ ವೇಗ ಹೆಚ್ಚಿದಾಗ ಎಡಬಲಕ್ಕೆ ಪಟಪಟ ಬಡಿದುಕೊಳ್ಳುವುದನ್ನು ನೋಡಿರುತ್ತೀರಿ. ವಿಮಾನದಲ್ಲೂ ಅದೇ ಆಗುತ್ತದೆ, ಶಿಮ್ಮಿ ಎನ್ನುತ್ತಾರೆ. ತಡೆಯಲು ಎಣ್ಣೆ ತುಂಬಿದ ಒಂದು ಡ್ಯಾಂಪರ್ ಇರುತ್ತದೆ. ಡ್ಯಾಂಪರ್‌ನಲ್ಲಿ ಎಣ್ಣೆ ಇಳಿದರೆ, ಕೀಲುಗಳು ಸವೆದು ಸಡಿಲಾದರೆ ಅಥವಾ ಟೈರು ಒಂದು ಕಡೆ ಹೆಚ್ಚು ಸವೆದರೆ ಬಡಿತ ಶುರುವಾಗುತ್ತದೆ. ಕೆಲವೇ ಸೆಕೆಂಡಿನಲ್ಲಿ ಕಾಲು ಮುರಿಯುವಷ್ಟು ಜೋರಾಗಬಹುದು. ಉಬ್ಬುತಗ್ಗಿನ ನೆಲ ಈ ಸವೆತವನ್ನು ಬೇಗ ತರುತ್ತದೆ. ಜ್ಯಾಕ್ ಹಾಕಿ ಗಾಲಿ ಎತ್ತಿ, ಕೈಯಿಂದ ಅಲ್ಲಾಡಿಸಿ, ಎಷ್ಟು ಸಡಿಲ ಇದೆ ಎಂದು ನೋಡುವುದೇ ಪರೀಕ್ಷೆ.

ಟೈರಿನ ಗಾಳಿಯ ವಿಚಾರದಲ್ಲಿ ಜನ ತಪ್ಪು ತಿಳಿಯುತ್ತಾರೆ. ಟೈರು ನೆಲವನ್ನು ಒತ್ತುವ ಬಲ, ಚದರ ಸೆಂಟಿಮೀಟರ್ ಲೆಕ್ಕದಲ್ಲಿ, ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡದಷ್ಟೇ. ಒಂದು ಮುಖ್ಯ ಗಾಲಿಯ ಮೇಲೆ 6,300 ಕಿಲೋ ಇದೆ ಎಂದುಕೊಳ್ಳಿ. ಗಾಳಿ ಚದರ ಸೆಂಟಿಮೀಟರ್‌ಗೆ 4 ಕಿಲೋ ಇದ್ದರೆ ನೆಲ ಮುಟ್ಟುವ ಜಾಗ 1,575 ಚದರ ಸೆಂಟಿಮೀಟರ್. 3 ಕಿಲೋಗೆ ಇಳಿಸಿದರೆ 2,100. ಜಾಗ ಹಿಗ್ಗಿದಷ್ಟೂ ಹೂತುಕೊಳ್ಳುವುದು ಕಡಿಮೆ. ಹಾಗೆಂದು ಇಳಿಸುತ್ತಾ ಹೋದರೆ, ನೆಲ ಮುಟ್ಟಿದ ಕ್ಷಣ ರಿಮ್ ತಿರುಗುವ ವೇಗಕ್ಕೂ ಟೈರಿನ ವೇಗಕ್ಕೂ ವ್ಯತ್ಯಾಸ ಬಂದು, ಟೈರು ರಿಮ್ಮಿನ ಮೇಲೆ ಜಾರುತ್ತದೆ. ಒಳಗಿನ ಟ್ಯೂಬು ಟೈರಿನ ಜೊತೆ ಸರಿಯುತ್ತದೆ, ವಾಲ್ವ್ ರಿಮ್ಮಿನ ತೂತಿನಲ್ಲೇ ಇರುತ್ತದೆ. ಬುಡದಲ್ಲಿ ಹರಿಯುತ್ತದೆ. ಇದನ್ನು ಮೊದಲೇ ಹಿಡಿಯಲು ಟೈರು ಮತ್ತು ರಿಮ್ ಸೇರುವಲ್ಲಿ ಎರಡರ ಮೇಲೂ ಹಾಯುವಂತೆ ಬಿಳಿ ಬಣ್ಣದ ಗೆರೆ ಎಳೆಯುತ್ತಾರೆ. ಎರಡು ತುಂಡುಗಳು ಒಂದರ ಎದುರು ಒಂದು ಇರುವಷ್ಟು ದಿನ ಚಿಂತೆಯಿಲ್ಲ. ಬೇರೆಯಾಗಿ ಸರಿದಿದ್ದರೆ ಟೈರು ಬಿಚ್ಚಬೇಕು.

ಪೈಲಟ್‌ನ ಪಾಲಿನ ಕೆಲಸವೂ ಇದೆ. ಏರುವಾಗ ಕೋಲನ್ನು ಹಿಂದಕ್ಕೆಳೆದು ಮೂಗುಗಾಲಿಯ ಭಾರವನ್ನು ಬೇಗ ಇಳಿಸುವುದು, ಇಳಿಯುವಾಗ ಮುಖ್ಯ ಗಾಲಿಗಳ ಮೇಲೆ ಇಳಿದು ಮೂಗನ್ನು ಆದಷ್ಟು ಹೊತ್ತು ಮೇಲೆ ಹಿಡಿದಿಡುವುದು, ಅದು ನಿಧಾನವಾಗಿ ನೆಲ ಮುಟ್ಟಿದ ಮೇಲೆಯೇ ಬ್ರೇಕ್. ಮೂಗು ಅತಿಯಾಗಿ ಎತ್ತಿದರೆ ಬಾಲದ ಕೆಳಗಿನ ಸ್ಕಿಡ್ ನೆಲ ಕೆರೆಯುತ್ತದೆ. ಇಳಿದ ಕೂಡಲೇ ರೆಕ್ಕೆಯ ಹಿಂದಂಚಿನಲ್ಲಿ ಕೆಳಗಿಳಿಯುವ ಫ್ಲ್ಯಾಪ್‌ಗಳನ್ನು ಮೇಲೆತ್ತಬೇಕು; ಗಾಲಿ ಎಸೆಯುವ ಕಲ್ಲುಗಳಿಗೆ ಅಗಲವಾಗಿ ಇಳಿದ ಫ್ಲ್ಯಾಪ್ ಸುಲಭದ ಗುರಿ.

ಪ್ರೊಪೆಲ್ಲರ್ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ಬೇಕು, ಏಕೆಂದರೆ ಇಲ್ಲಿ ಸಣ್ಣ ಗಾಯವೂ ಕೊಲ್ಲುತ್ತದೆ. ಅಲ್ಯೂಮಿನಿಯಂ ಅಲಗಿನ ಮುಂಚೂಣಿ ಅಂಚಿಗೆ ಕಲ್ಲು ತಾಗಿ ಅಕ್ಕಿಕಾಳಿನಷ್ಟು ಕಚ್ಚು ಬಿದ್ದಿದೆ ಎನ್ನಿ. ಅಲಗು ತಿರುಗುವಾಗ ಹೊರಕ್ಕೆ ಎಳೆಯುವ ಬಲ, ಜೊತೆಗೆ ಸತತ ಕಂಪನ. ಆ ಬಲವೆಲ್ಲ ಕಚ್ಚಿನ ಚೂಪಾದ ತಳದಲ್ಲಿ ಒಟ್ಟಾಗುತ್ತದೆ. ಅಲ್ಲಿಂದ ಬಿರುಕು ಹೊರಡುತ್ತದೆ. ಅಲಗಿನ ತುದಿ ಕಳಚಿ ಹಾರಿದರೆ ಉಳಿದ ಅಲಗುಗಳ ಸಮತೋಲ ತಪ್ಪಿ ಎಂಜಿನ್ನೇ ರೆಕ್ಕೆಯಿಂದ ಕಿತ್ತು ಬರಬಹುದು. ಆದ್ದರಿಂದ ಕಚ್ಚು ಕಂಡ ಕೂಡಲೇ ನಯವಾದ ಅರದಿಂದ ಉಜ್ಜಿ, ಚೂಪು ಹೋಗಿ ಆಳವಿಲ್ಲದ ತಟ್ಟೆಯಂತಾಗುವ ಹಾಗೆ ಮಾಡಿ, ಎಮರಿ ಕಾಗದದಿಂದ ಮುಗಿಸಬೇಕು. ಉಜ್ಜುವುದು ಅಲಗಿನ ಉದ್ದಕ್ಕೆ. ಅಡ್ಡಕ್ಕೆ ಉಜ್ಜಿದರೆ ನೀವೇ ಹೊಸ ಗೀರುಗಳನ್ನು ಕೊರೆದಂತೆ. ಬಿರುಕು ಉಳಿದಿಲ್ಲ ಎಂದು ಖಾತ್ರಿ ಮಾಡಲು ಆ ಜಾಗಕ್ಕೆ ನೂರಕ್ಕೆ ಇಪ್ಪತ್ತರ ಕಾಸ್ಟಿಕ್ ಸೋಡಾ ದ್ರಾವಣ ಸವರುತ್ತಾರೆ. ಲೋಹ ಕಪ್ಪಾಗುತ್ತದೆ. ನೈಟ್ರಿಕ್ ಆಮ್ಲದ ದ್ರಾವಣದಿಂದ ಒರೆಸಿದಾಗ ಕಪ್ಪು ಹೋಗಿ ಬೆಳ್ಳಗಾಗುತ್ತದೆ. ಬಿರುಕಿದ್ದರೆ ಅದು ಮಾತ್ರ ಕಪ್ಪು ಗೆರೆಯಾಗಿ ಉಳಿದು ಕಾಣುತ್ತದೆ. ಕೊನೆಗೆ ನೀರಿನಿಂದ ಚೆನ್ನಾಗಿ ತೊಳೆಯಬೇಕು, ಇಲ್ಲವಾದರೆ ಉಳಿದ ರಾಸಾಯನಿಕವೇ ಲೋಹವನ್ನು ತಿನ್ನುತ್ತದೆ. ಗಾಯ ತುದಿಯ ಕಡೆ ಇದ್ದಷ್ಟೂ ಹೆಚ್ಚಿನ ಎಚ್ಚರ. ತುದಿಯನ್ನೇ ಸ್ವಲ್ಪ ಕತ್ತರಿಸಬೇಕಾಗಿ ಬಂದರೆ ಮೂರೂ ಅಲಗುಗಳನ್ನು ಒಂದೇ ಅಳತೆಗೆ ತಂದು ಸಮತೋಲ ನೋಡಬೇಕು.

ಗಾಯವೇ ಆಗದಂತೆ ತಡೆಯುವುದು ಇನ್ನೂ ಸುಲಭ. ಸಡಿಲ ಜಲ್ಲಿಯ ಮೇಲೆ ನಿಂತು ಎಂಜಿನ್ ವೇಗ ಏರಿಸಿ ಪರೀಕ್ಷಿಸಬಾರದು. ಪ್ರೊಪೆಲ್ಲರ್ ಕಲ್ಲನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಪರೀಕ್ಷೆಯ ಜಾಗಕ್ಕಾದರೂ ಕೆಲವು ಹಲಗೆ ಹಾಸಬೇಕು. ಗಟ್ಟಿ ಜಾಗ ಸಿಗದಿದ್ದರೆ ವಿಮಾನ ಉರುಳುತ್ತಿರುವಾಗಲೇ ಪರೀಕ್ಷೆ ಮುಗಿಸಬೇಕು.

ಧೂಳಿನ ಹಾನಿ ಕಣ್ಣಿಗೆ ಕಾಣುವುದಿಲ್ಲ. ಕಾರ್ಬ್ಯುರೇಟರ್ ಮೂಲಕ ಒಳ ಹೋದ ಧೂಳು ಎಣ್ಣೆಯ ಜೊತೆ ಸೇರಿ ಅರೆಯುವ ಹಿಟ್ಟಾಗುತ್ತದೆ. ಪಿಸ್ಟನ್ ಉಂಗುರಗಳು, ಸಿಲಿಂಡರ್ ಗೋಡೆಗಳು ಸವೆಯುತ್ತವೆ. ಮೊದಲ ಲಕ್ಷಣ ಶಕ್ತಿ ಕುಂದುವುದಲ್ಲ, ಎಣ್ಣೆ ಹೆಚ್ಚು ಕುಡಿಯುವುದು. ಎಣ್ಣೆ ಎಷ್ಟು ಇದೆಯೋ ಅಷ್ಟೇ ದೂರ ಹೋಗಿ ಬರಲು ಸಾಧ್ಯ. ಪೆಟ್ರೋಲ್ ಉಳಿದಿದ್ದರೂ ಪ್ರಯೋಜನವಿಲ್ಲ. ಗಾಳಿಯ ದಾರಿಗೆ ಫಿಲ್ಟರ್ ಹಾಕಿದರೆ ತಡೆಯಬಹುದು, ಆದರೆ ಫಿಲ್ಟರ್ ಗಾಳಿಯನ್ನೂ ತಡೆಯುತ್ತದೆ, ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕೇ ನೆಲದಲ್ಲೂ ಧೂಳಿನಲ್ಲೂ ಫಿಲ್ಟರ್ ಮೂಲಕ, ಶುಭ್ರ ಗಾಳಿಗೆ ಏರಿದ ಮೇಲೆ ನೇರವಾಗಿ, ಹೀಗೆ ಎರಡು ದಾರಿಯ ಬಾಗಿಲು ಇಡುವುದು. ಕೆಸರಿನಲ್ಲಿ ತೆವಳುವಾಗ ಹೆಚ್ಚು ಶಕ್ತಿ ಬೇಕು, ತಂಪು ಮಾಡುವ ಗಾಳಿ ಮಾತ್ರ ಕಡಿಮೆ. ಸಿಲಿಂಡರ್‌ಗಳು ಎರಡು ಸಾಲಾಗಿರುವ ಇಂಥ ಎಂಜಿನ್‌ನಲ್ಲಿ ಹಿಂದಿನ ಸಾಲು ಬೇಗ ಕಾಯುತ್ತದೆ. ದಳದ ವಿಮಾನಗಳು ಸಾಲಾಗಿ ನಿಂತು ಸರದಿ ಕಾಯುವುದೇ ಎಂಜಿನ್ನಿಗೆ ದೊಡ್ಡ ಶಿಕ್ಷೆ.

ಇದೇ ಬಗೆಯ ಕೆಲಸ ಬೇರೆ ರಂಗಗಳಲ್ಲೂ ನಡೆಯಿತು. ರಷ್ಯಾದ ವಸಂತ ಮತ್ತು ಶರತ್ಕಾಲದ ಕೆಸರಿನಲ್ಲಿ ಜರ್ಮನಿಯ ಯು-87 ಬಾಂಬರ್‌ಗಳ ಗಾಲಿಯ ಮೇಲಿನ ಅಂದದ ತಗಡಿನ ಕವಚದೊಳಗೆ ಮಣ್ಣು ತುಂಬಿ ಗಾಲಿಯೇ ತಿರುಗುತ್ತಿರಲಿಲ್ಲ. ಕವಚ ಕಿತ್ತು ಬರಿ ಗಾಲಿಯಲ್ಲೇ ಹಾರಿಸಿದರು. ಅಮೆರಿಕದ ಬಿ-26 ಮರೋಡರ್‌ಗೆ ಏರಲು ಉದ್ದ ಓಟ ಬೇಕಿತ್ತು. ಕಾರ್ಖಾನೆಯಲ್ಲೇ ಮೂಗುಗಾಲಿಯ ಕಾಲನ್ನು ಉದ್ದ ಮಾಡಿ, ಮುಂದೆ ಎಫ್ ಮಾದರಿಯಲ್ಲಿ ರೆಕ್ಕೆಯನ್ನೇ 3.5 ಡಿಗ್ರಿ ಎತ್ತಿ ಕೂರಿಸಿದರು. ರೆಕ್ಕೆ ಎತ್ತುವ ಕೆಲಸ ಮೈದಾನದ ಕಾರ್ಯಾಗಾರದ ಕೈಯಲ್ಲಿ ಆಗುವಂಥದ್ದಲ್ಲ.

ಬರ್ಮಾ ಗಡಿಯಲ್ಲಿ ಉಕ್ಕಿನ ಹಲಗೆಗೆ ಜೊತೆಯಾದದ್ದು ಬಂಗಾಳದ ಸೆಣಬು. ಗೋಣಿಬಟ್ಟೆಯನ್ನು ಬಿಟುಮೆನ್ ಎಂಬ ಡಾಂಬರಿನಲ್ಲಿ ಅದ್ದಿ ಉರುಳೆ ಸುತ್ತಿ ಕಳಿಸುತ್ತಿದ್ದರು. ಬಿಟ್‌ಹೆಸ್ ಎಂದು ಹೆಸರು. ಗಟ್ಟಿ ಮಾಡಿ ಒಣಗಿಸಿದ ಮಣ್ಣಿನ ಮೇಲೆ, ಹೆಂಚು ಹೊದಿಸಿದಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವ ಹಾಗೆ ಹಾಸಿದರೆ ಮಳೆ ನೀರು ಒಳಗಿಳಿಯುವುದಿಲ್ಲ. ಅದು ಭಾರ ಹೊರುವುದಿಲ್ಲ, ಭಾರ ಹೊರುವ ಮಣ್ಣನ್ನು ಒಣಗಿರಿಸುತ್ತದೆ. ಗಾಲಿ ಒಂದೇ ಜಾಗದಲ್ಲಿ ನಿಂತು ತಿರುಗಿದರೆ ಹರಿಯುತ್ತದೆ. ಹರಿದಲ್ಲಿ ನೀರು ಇಳಿದರೆ ಸುತ್ತಲೂ ಮೆತ್ತಗಾಗುತ್ತದೆ. ಬರ್ಮಾ ಗಡಿಯ ಕಡೆಯ ಮೈದಾನಗಳಿಂದ ಭಾರತೀಯ ವಾಯುಪಡೆಯ 7 ಮತ್ತು 8ನೇ ದಳಗಳು ವೆಂಜಿಯನ್ಸ್ ಬಾಂಬರ್‌ಗಳನ್ನು ಹಾರಿಸಿದವು. ಅದರ ಎಂಜಿನ್ನೂ ಆರ್-2600 ವಂಶದ್ದೇ.

ನಮ್ಮ ಬೆಂಗಳೂರಿಗೆ ಈ ವಿಮಾನಗಳು ಬಂದದ್ದು ದುರಸ್ತಿಗೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಶುರು ಮಾಡಿದ ಹಿಂದೂಸ್ತಾನ್ ವಿಮಾನ ಕಾರ್ಖಾನೆ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ, ಈ ಭಾಗದ ದೊಡ್ಡ ದುರಸ್ತಿ ಕೇಂದ್ರವಾಯಿತು. ಮಿಚೆಲ್‌ಗಳು, ಲಿಬರೇಟರ್ ಎಂಬ ದೊಡ್ಡ ಬಾಂಬರ್‌ಗಳು, ಡಕೋಟಾ ಎಂಬ ಸಾಗಣೆ ವಿಮಾನಗಳು ಬಂದವು. ಕ್ಯಾಟಲೀನಾ ಎಂಬ ನೀರಿನ ಮೇಲಿಳಿಯುವ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿದು ಬರುತ್ತಿದ್ದವು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಇದೇ ಕಾರ್ಖಾನೆ ಬೆಂಗಳೂರಿಗೆ ತರಿಸಿಕೊಂಡು ಸರಿಪಡಿಸಿತು. 1948ರ ನವೆಂಬರ್‌ನಲ್ಲಿ ಅವುಗಳಿಂದಲೇ ವಾಯುಪಡೆಯ 5ನೇ ದಳ ಹುಟ್ಟಿತು. 1968ರವರೆಗೆ ಲಿಬರೇಟರ್‌ಗಳು ನಮ್ಮಲ್ಲಿ ಹಾರಿದವು.

ಹೀಗೆ ಎಲ್ಲೆಲ್ಲೋ ತೇಪೆ ಹಾಕಿಸಿಕೊಂಡ, ಬಿಡಿಭಾಗ ಬದಲಾದ ವಿಮಾನಕ್ಕೆ ಕಾಗದದ ಮೇಲಿನ ಹಳೆಯ ತೂಕ ಉಪಯೋಗಕ್ಕೆ ಬರುವುದಿಲ್ಲ. ಅದನ್ನು ಹೊಸದಾಗಿ ತೂಗಬೇಕು. ಗಾಳಿ ಬೀಸದ ಷೆಡ್ಡಿನೊಳಗೆ, ಟ್ಯಾಂಕು ಖಾಲಿ ಮಾಡಿ, ಕೆಸರು ತೊಳೆದು, ವಿಮಾನವನ್ನು ಮಟ್ಟಗೋಲಿಗೆ ಸರಿಯಾಗಿ ನಿಲ್ಲಿಸಿ, ಮೂರು ಗಾಲಿಗಳ ಅಡಿಗೂ ಒಂದೊಂದು ತಕ್ಕಡಿ ಇಡಬೇಕು. ಮೂಗುಗಾಲಿಯ ಅಡಿಯ ತೂಕವನ್ನು ಅಲ್ಲಿಂದ ಮುಖ್ಯ ಗಾಲಿಗಿರುವ ದೂರದಿಂದ ಗುಣಿಸಿ, ಮೂರರ ಒಟ್ಟು ತೂಕದಿಂದ ಭಾಗಿಸಿದರೆ ಮುಖ್ಯ ಗಾಲಿಗಿಂತ ಎಷ್ಟು ಮುಂದೆ ಭಾರದ ಕೇಂದ್ರ ಇದೆಯೆಂದು ಸಿಗುತ್ತದೆ. ಮೂಗಿನಡಿ 1,000 ಕಿಲೋ, ದೂರ 4 ಮೀಟರ್, ಒಟ್ಟು 10,000 ಕಿಲೋ ಇದ್ದರೆ ಉತ್ತರ 40 ಸೆಂಟಿಮೀಟರ್. ಆ ಅಂಕಿಯನ್ನು ಮಿತಿಯ ಪಟ್ಟಿಯ ಜೊತೆ ಹೋಲಿಸಿ, ವಿಮಾನದ ಪುಸ್ತಕದಲ್ಲಿ ಬರೆದ ಮೇಲೆಯೇ ಗನ್ನು, ಗುಂಡು, ಪೆಟ್ರೋಲ್ ಎಲ್ಲಿ ಎಷ್ಟು ಎಂಬ ಮಾತು.